ಫೋನಿನ ಕಂಪನಿ ಬದಲಿಸುವ ಮುನ್ನ ತೋಟ ಸುತ್ತಿ ಬನ್ನಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಹಲ್ಲು ನೋಡದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಗ್ಗಕ್ಕೆ ಕೈ ಹಾಕುವುದಿಲ್ಲ. ಹೊಸ ತಳಿಯ ಬೀಜ ಬಂದರೆ ಮೊದಲ ವರ್ಷ ಹತ್ತು ಗುಂಟೆಯಲ್ಲಿ ಬಿತ್ತಿ ನೋಡುತ್ತಾನೆ. ಚೆನ್ನಾಗಿ ಬಂದರೆ ಮಾತ್ರ ಮರುವರ್ಷ ಹೊಲಕ್ಕೆಲ್ಲ ಹಾಕುತ್ತಾನೆ. ಇಷ್ಟು ಎಚ್ಚರವುಳ್ಳ ನಮ್ಮ ರೈತರು ಮೊಬೈಲ್ ಫೋನಿನ ಕಂಪನಿ ಬದಲಿಸುವಾಗ ಮಾತ್ರ ಪೇಟೆಯ ಅಂಗಡಿಯ ಮುಂದೆ ನಿಂತು ಐದು ನಿಮಿಷದಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ‘ಆ ಕಂಪನಿಯದು ಅಗ್ಗವಂತೆ’ ಎಂದು ಯಾರಾದರೂ ಹೇಳಿದರೆ ಸಾಕು, ‘ಹಾಗಾದರೆ ನನ್ನದನ್ನೂ ಪೋರ್ಟ್ ಮಾಡಿಬಿಡಪ್ಪ’ ಎನ್ನುತ್ತಾರೆ.

ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರು ಮಾಡಿದ್ದೂ ಇದನ್ನೇ. ಒಂದು ಜೂನ್ ತಿಂಗಳಲ್ಲಿ ನೆಂಟರ ಮಾತು ಕೇಳಿ ಕಂಪನಿ ಬದಲಿಸಿದರು. ಪ್ರತಿ ಸಲ ಕರೆನ್ಸಿ ಹಾಕಿಸುವಾಗ 50 ರೂಪಾಯಿ ಉಳಿಯಿತು. ಮನೆಯ ಜಗಲಿಯಲ್ಲಿ ಕೂತರೆ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ಅವರ ತೋಟ ಇರುವುದು ಮನೆಯ ಕೆಳಗೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಆಗಸ್ಟಿನಲ್ಲಿ ಎರಡನೆಯ ಸಲ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿದ್ದಾಗ ಕೊನೆಗೌಡ ಮರದಿಂದ ಜಾರಿ ಬಿದ್ದ. ಇವರು ಫೋನ್ ತೆಗೆದರೆ ಒಂದು ಕಡ್ಡಿಯೂ ಇಲ್ಲ. ಹಳೆಯ ಕಂಪನಿಯಾಗಿದ್ದರೆ ಅದೇ ಜಾಗದಲ್ಲಿ ಮಾತಾಡಬಹುದಾಗಿತ್ತು. ಮಳೆಯಲ್ಲಿ ಧರೆ ಹತ್ತಿ, ಮೇಲಿನ ರಸ್ತೆಯವರೆಗೆ ಓಡಿ 108ಕ್ಕೆ ಕರೆ ಮಾಡಬೇಕಾಯಿತು. ಆತ ಅಷ್ಟು ಹೊತ್ತೂ ಮುರಿದ ಕಾಲಿನೊಂದಿಗೆ ಕೆಸರಿನಲ್ಲಿ ಬಿದ್ದಿದ್ದ.

ಇಲ್ಲಿ ತಪ್ಪು ಹೊಸ ಕಂಪನಿಯದು ಎನ್ನುವಂತಿಲ್ಲ. ಪಕ್ಕದ ಊರಿನಲ್ಲಿ ಅದೇ ಕಂಪನಿ ಚೆನ್ನಾಗಿ ಸಿಗುತ್ತಿರಬಹುದು. ತೋಟದಲ್ಲಿ ಸಿಗುತ್ತದೆಯೇ ಎಂದು ನೋಡದೆ ಬದಲಿಸಿದ್ದೇ ತಪ್ಪು. ಆದ್ದರಿಂದ ಬದಲಿಸುವ ಯೋಚನೆ ನಿಮಗೂ ಇದ್ದರೆ ಈ ಲೇಖನವನ್ನು ಓದಿ, ನಂತರ ಅಂಗಡಿಗೆ ಹೋಗಿ.

ಬದಲಿಸಬೇಕು ಎನಿಸುವುದೇಕೆ?

ಮೊದಲು ನಿಮ್ಮ ತೊಂದರೆ ಯಾವುದು ಎಂದು ಗುರುತಿಸಿಕೊಳ್ಳಿ. ರೋಗ ತಿಳಿಯದೆ ಔಷಧಿ ಹೊಡೆದರೆ ದುಡ್ಡೂ ಹೋಗುತ್ತದೆ, ಬೆಳೆಯೂ ಉಳಿಯುವುದಿಲ್ಲ.

ತೊಂದರೆ ದರದ್ದಾಗಿದ್ದರೆ ಲೆಕ್ಕ ಸರಿಯಾಗಿ ಹಾಕಿ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ಮೂರೂ ದರ ಏರಿಸಿದಾಗ ಬಹಳ ಮಂದಿ ಆಚೀಚೆ ಓಡಾಡಿದರು. ಆಗ ಅನೇಕರು ಪ್ಯಾಕಿನ ಬೆಲೆ ನೋಡಿದರೇ ಹೊರತು ದಿನಗಳನ್ನು ಎಣಿಸಲಿಲ್ಲ. 28 ದಿನದ ಪ್ಯಾಕನ್ನು ವರ್ಷಕ್ಕೆ 12 ಸಲವಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಆದ್ದರಿಂದ ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂದು ಹೋಲಿಸುವುದು ಸರಿಯಾದ ಕ್ರಮ. 28 ದಿನಕ್ಕೆ 50 ರೂಪಾಯಿ ಉಳಿದರೆ ವರ್ಷಕ್ಕೆ 650 ರೂಪಾಯಿ ಉಳಿದಂತೆ. ಇದು ಸಣ್ಣ ಮೊತ್ತವಲ್ಲ, ನಿಜ. ಆದರೆ ತೋಟದಲ್ಲಿ ಫೋನ್ ಸಿಗದೆ ಒಂದೇ ಒಂದು ಸಲ ಮೋಟಾರು ಸುಟ್ಟರೆ ಅಷ್ಟು ಉಳಿತಾಯವನ್ನೂ ರಿವೈಂಡಿಂಗ್ ಮಾಡುವವನೇ ತೆಗೆದುಕೊಂಡು ಹೋಗುತ್ತಾನೆ.

ಮನೆಯಲ್ಲಿ ಬರೀ ಮಾತಾಡುವ ಕೀಪ್ಯಾಡ್ ಫೋನ್ ಇದ್ದರೆ ಇನ್ನೊಂದು ದಾರಿಯಿದೆ. ಇಂಟರ್‌ನೆಟ್ ಬೇಡದವರಿಗಾಗಿ ಕೇವಲ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕುಗಳನ್ನು ಎಲ್ಲ ಕಂಪನಿಗಳೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಡಿಸೆಂಬರಿನಲ್ಲಿ ಆದೇಶ ಮಾಡಿತು. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ ಪಡೆಯಬೇಕು. ಕಂಪನಿ ಬದಲಿಸದೆ ಪ್ಯಾಕು ಬದಲಿಸಿದರೂ ಕೆಲಸ ಆಗಬಹುದು.

ತೊಂದರೆ ಸಿಗ್ನಲಿನದಾಗಿದ್ದರೆ, ಅದು ನಿಜವಾಗಿ ಕಂಪನಿಯದೋ ಫೋನಿನದೋ ನೋಡಿ. ಅದೇ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರ ಫೋನನ್ನು ನಿಮ್ಮ ಫೋನಿನ ಜೊತೆಯಲ್ಲೇ ಇಟ್ಟು ಕರೆ ಮಾಡಿ. ಅವರದು ಸಿಕ್ಕಿ ನಿಮ್ಮದು ಸಿಗದಿದ್ದರೆ ದೋಷ ನಿಮ್ಮ ಫೋನಿನಲ್ಲಿದೆ ಅಥವಾ ಹಳೆಯ ಸಿಮ್ಮಿನಲ್ಲಿದೆ. ಮನೆಯೊಳಗೆ ಮಾತ್ರ ಸಿಗುವುದಿಲ್ಲ, ಆದರೆ ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದೆ ಎನ್ನುವುದಾದರೆ, ಈಗಿನ ಅನೇಕ ಫೋನುಗಳಲ್ಲಿ ವೈಫೈ ಮೂಲಕವೇ ಸಾಮಾನ್ಯ ಕರೆ ಮಾಡುವ ಅನುಕೂಲವಿದೆ. ಓದಿದ ಮಕ್ಕಳಿಂದ ಅದನ್ನು ಚಾಲೂ ಮಾಡಿಸಿಕೊಂಡರೆ ಕಂಪನಿ ಬದಲಿಸುವ ಪ್ರಮೇಯವೇ ಬರುವುದಿಲ್ಲ.

ಟವರಿನ ಗುಣ ತಿಳಿದಿರಲಿ

ಟವರಿನಿಂದ ಬರುವ ಅಲೆ ಬೆಳಕಿನ ಹಾಗೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಬಯಲುಸೀಮೆಯಲ್ಲಿ ಮೈಲಿಗಟ್ಟಲೆ ಸಿಗುವ ಟವರ್ ಮಲೆನಾಡಿನ ಕಣಿವೆಯಲ್ಲಿ ಅರ್ಧ ಮೈಲಿಗೇ ಸಿಗದಿರುವುದಕ್ಕೆ ಇದೇ ಕಾರಣ. ದಟ್ಟವಾದ ಎಲೆಗಳೂ ಅಲೆಯನ್ನು ಹೀರುತ್ತವೆ. ಮಳೆಯಲ್ಲಿ ನೆನೆದ ಎಲೆ ಇನ್ನೂ ಹೆಚ್ಚು ಹೀರುತ್ತದೆ. ಬೇಸಿಗೆಯಲ್ಲಿ ಸಿಕ್ಕದ್ದು ಆಷಾಢದಲ್ಲಿ ಸಿಗದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಎಲ್ಲ ಅಲೆಗಳೂ ಒಂದೇ ಅಲ್ಲ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಪಟ್ಟಿಯ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಮರಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ. 2300 ಮೆಗಾಹರ್ಟ್ಸ್‌ನಂಥ ಮೇಲಿನ ಪಟ್ಟಿಯವು ಹೆಚ್ಚು ಇಂಟರ್‌ನೆಟ್ ಹೊರುತ್ತವೆ, ಆದರೆ ಬೇಗ ಸೋಲುತ್ತವೆ. ಯಾವ ಟವರಿನಲ್ಲಿ ಯಾವ ಪಟ್ಟಿ ಇದೆಯೆಂದು ನೀವು ಹುಡುಕುತ್ತ ಕೂರಬೇಕಾಗಿಲ್ಲ. ರಸ್ತೆಯಲ್ಲಿ ವೇಗವಾಗಿರುವ ಕಂಪನಿಯೇ ತೋಟದಲ್ಲೂ ಸಿಗಬೇಕೆಂದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ಇನ್ನೊಂದು ಮುಖ್ಯ ವಿಷಯ ವಿದ್ಯುತ್ತಿನದು. ಟವರಿಗೂ ಕರೆಂಟು ಬೇಕು. ಕರೆಂಟು ಹೋದಾಗ ಬ್ಯಾಟರಿ ಅಥವಾ ಡೀಸೆಲ್ ಜನರೇಟರಿನಲ್ಲಿ ನಡೆಯುತ್ತದೆ. ಬ್ಯಾಟರಿ ಸವೆದಿದ್ದರೆ, ಡೀಸೆಲ್ ತಂದು ಹಾಕುವವರಿಲ್ಲದಿದ್ದರೆ, ಊರಿನ ಕರೆಂಟಿನ ಹಿಂದೆಯೇ ಟವರೂ ಮಲಗುತ್ತದೆ. ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲದ ಹೊತ್ತಿನಲ್ಲೇ ನಮಗೆ ಫೋನ್ ಹೆಚ್ಚು ಬೇಕಾಗುವುದು ಎಂಬುದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಹತ್ತು ಗುಂಟೆ

ಈಗ ಪರೀಕ್ಷೆಯ ವಿಷಯ. ಹೊಸ ಬೀಜವನ್ನು ಹತ್ತು ಗುಂಟೆಯಲ್ಲಿ ಬಿತ್ತಿ ನೋಡುವಂತೆ ಹೊಸ ಕಂಪನಿಯನ್ನೂ ನೋಡಬಹುದು. ಈಗಿನ ಬಹುಪಾಲು ಫೋನುಗಳಲ್ಲಿ ಎರಡು ಸಿಮ್ ಹಾಕುವ ಜಾಗವಿದೆ. ನೀವು ಹೋಗಬೇಕೆಂದಿರುವ ಕಂಪನಿಯ ಒಂದು ಹೊಸ ಸಿಮ್ ಪಡೆದು, ಕಡಿಮೆ ದರದ ಪ್ಯಾಕು ಹಾಕಿಸಿ, ಎರಡನೆಯ ಜಾಗಕ್ಕೆ ಹಾಕಿ. ಹಳೆಯ ಸಿಮ್ ಮೊದಲನೆಯದರಲ್ಲಿ ಹಾಗೆಯೇ ಇರಲಿ. ಹೀಗೆ ಹತ್ತು ಹದಿನೈದು ದಿನ ನಡೆಸಿ. ಇನ್ನೊಬ್ಬರ ಫೋನಿನಲ್ಲಿ ನೋಡುವುದಕ್ಕಿಂತ ಇದು ಮೇಲು; ನಾಳೆ ನೀವು ಬಳಸುವ ಫೋನಿನಲ್ಲೇ ಪರೀಕ್ಷೆ ಆದಂತಾಯಿತು.

ಎಲ್ಲೆಲ್ಲಿ ನೋಡಬೇಕು? ಮನೆಯ ಒಳಗೆ, ಅದರಲ್ಲೂ ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಪಂಪ್‌ಸೆಟ್ ಹತ್ತಿರ, ತೋಟ ಅಥವಾ ಗದ್ದೆಯ ಅತಿ ತಗ್ಗಿನ ಮೂಲೆಯಲ್ಲಿ, ಮಕ್ಕಳು ಶಾಲೆಗೆ ನಡೆದು ಹೋಗುವ ದಾರಿಯಲ್ಲಿ. ಮನೆಯ ಹೆಂಗಸರನ್ನೂ ಕೇಳಿ. ಗಂಡಸರು ಪೇಟೆಗೆ ಹೋದಾಗ ಮನೆಯಲ್ಲಿದ್ದು ಫೋನ್ ಎತ್ತುವವರು ಅವರು. ಯಾವ ಮೂಲೆಯಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಯಾವ್ಯಾವಾಗ? ಬೆಳಗಿನ ಜಾವ ಒಮ್ಮೆ. ಸಂಜೆ 7ರಿಂದ 10ರೊಳಗೆ ಒಮ್ಮೆ. ಆಗ ಊರಿನವರೆಲ್ಲ ಫೋನ್ ಹಿಡಿದು ಕೂರುವುದರಿಂದ ಟವರಿನ ಮೇಲೆ ಭಾರ ಬೀಳುತ್ತದೆ. ಕರೆಂಟು ಹೋಗಿ ಎರಡು ಮೂರು ಗಂಟೆಯಾದ ಮೇಲೆ ಒಮ್ಮೆ. ಸಾಧ್ಯವಾದರೆ ಜೋರು ಮಳೆಯ ದಿನವೂ ಒಮ್ಮೆ.

ಏನು ನೋಡಬೇಕು? ಕಡ್ಡಿ ಎಣಿಸಬೇಡಿ. ಒಂದು ಫೋನಿನ ಎರಡು ಕಡ್ಡಿ ಇನ್ನೊಂದು ಫೋನಿನ ಮೂರು ಕಡ್ಡಿಗೆ ಸಮವಾಗಿರಬಹುದು. ಕರೆ ಮಾಡಿ ಎರಡು ನಿಮಿಷ ಮಾತಾಡಿ, ಮಾತು ಕಡಿಯುತ್ತದೆಯೇ ನೋಡಿ. ಫೋನನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತ, ಮನೆಯಿಂದ ನಿಮಗೆ ಕರೆ ಮಾಡಿಸಿ, ರಿಂಗಾಗುತ್ತದೆಯೇ ನೋಡಿ. ಒಂದು ಎಸ್‌ಎಂಎಸ್ ತರಿಸಿ, ಎಷ್ಟು ಹೊತ್ತಿಗೆ ಬಂತು ನೋಡಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಒಂದು ಕಡೆ ಹಳೆಯ ಕಂಪನಿ, ಇನ್ನೊಂದು ಕಡೆ ಹೊಸದು ಎಂದು ಬರೆದು, ಸಿಕ್ಕಿದ ಕಡೆ ಸರಿ ಗುರುತು, ಸಿಗದ ಕಡೆ ಸೊನ್ನೆ ಹಾಕುತ್ತ ಬನ್ನಿ. ಹದಿನೈದು ದಿನದಲ್ಲಿ ಆ ಹಾಳೆಯೇ ನಿಮಗೆ ಉತ್ತರ ಹೇಳುತ್ತದೆ.

ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ತೋರಿಸಬೇಕೆಂದು ಟ್ರಾಯ್ 2024ರ ನಿಯಮದಲ್ಲಿ ವಿಧಿಸಿದೆ. ಅದನ್ನೂ ನೋಡಿ, ನಿಮ್ಮ ಊರು ನಕ್ಷೆಯಲ್ಲೇ ಇಲ್ಲದಿದ್ದರೆ ಆ ಕಂಪನಿಯ ಆಸೆ ಬಿಡಬಹುದು. ಆದರೆ ನಕ್ಷೆಯಲ್ಲಿ ಬಣ್ಣ ಬಳಿದ ಮಾತ್ರಕ್ಕೆ ನಿಮ್ಮ ತೋಟದ ತಗ್ಗಿನಲ್ಲೂ ಸಿಗುತ್ತದೆಂದು ನಂಬಬಾರದು.

ಹಳೆಯ ಅಭಿಪ್ರಾಯವನ್ನೂ ನಂಬಬೇಡಿ. ಉದಾಹರಣೆಗೆ, ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಅದರ ಉಪಕರಣಗಳಲ್ಲಿ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ತಯಾರಿಸಿದವೂ ಇವೆ. ಸರ್ಕಾರದ ನಿಧಿಯಿಂದ ಕಟ್ಟಿದ ಟವರುಗಳಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳ ಗ್ರಾಹಕರು ಒಂದೇ ಟವರಿನಿಂದ 4ಜಿ ಪಡೆಯುವ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಯಿತು. ಮೂರು ವರ್ಷದ ಹಿಂದೆ ಸಿಗದಿದ್ದ ಕಂಪನಿ ಈಗ ಸಿಗಬಹುದು. ಆಗ ಚೆನ್ನಾಗಿದ್ದದ್ದು ಈಗ ಗ್ರಾಹಕರು ಹೆಚ್ಚಾಗಿ ನಿಧಾನವಾಗಿರಲೂಬಹುದು. ಈ ವರ್ಷದ ಪರೀಕ್ಷೆಯೇ ಈ ವರ್ಷಕ್ಕೆ ಪ್ರಮಾಣ.

ಮೋಟಾರಿನ ಸಿಮ್ ಲೆಕ್ಕ ಬೇರೆ

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಇದನ್ನು ಗಮನಿಸಬೇಕು. ಆ ಪೆಟ್ಟಿಗೆಯೊಳಗೂ ಒಂದು ಸಿಮ್ ಇದೆ. ಮನೆಯ ಸಿಮ್ ಬದಲಿಸುವಾಗ ಅದನ್ನೂ ಕಣ್ಣುಮುಚ್ಚಿ ಬದಲಿಸಬೇಡಿ. ಹಿಂದೆ ಮಾರಾಟವಾದ ಸ್ಟಾರ್ಟರುಗಳಲ್ಲಿ ಬಹಳಷ್ಟು 2ಜಿ ಮಾದರಿಯವು. ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲ. ಅದು ಮೊದಲಿನಿಂದಲೂ 4ಜಿ, ಈಗ 5ಜಿ. ಆದ್ದರಿಂದ 2ಜಿ ಸ್ಟಾರ್ಟರಿಗೆ ಆ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. 2ಜಿ ಕೀಪ್ಯಾಡ್ ಫೋನುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ಸ್ಟಾರ್ಟರು 2ಜಿಯೋ 4ಜಿಯೋ ಎಂದು ಅದರ ಪುಸ್ತಕದಲ್ಲಿ ನೋಡಿ, ಇಲ್ಲವೇ ಹಾಕಿಕೊಟ್ಟ ಮೆಕ್ಯಾನಿಕ್ಕನ್ನು ಕೇಳಿ.

ಸ್ಟಾರ್ಟರಿಗೆ ನಿಮ್ಮ ನಂಬರನ್ನು ತುಂಬಿಸಿರುತ್ತಾರೆ. ನಂಬರು ಉಳಿಸಿಕೊಂಡು ಕಂಪನಿ ಮಾತ್ರ ಬದಲಿಸಿದರೆ ಅದನ್ನು ಮುಟ್ಟಬೇಕಾಗಿಲ್ಲ. ನಂಬರೇ ಬದಲಾದರೆ ಮತ್ತೆ ತುಂಬಿಸಬೇಕು. ಆ ಸಿಮ್ಮಿನ ಅವಧಿ ಮುಗಿಯದಂತೆಯೂ ನೋಡಿಕೊಳ್ಳಿ. ಅವಧಿ ಮುಗಿದರೆ ಫೇಸ್ ಹೋದಾಗ, ಬಾವಿಯಲ್ಲಿ ನೀರು ತಳಕ್ಕಿಳಿದಾಗ, ಪೆಟ್ಟಿಗೆಯಿಂದ ನಿಮಗೆ ಕರೆ ಬರುವುದಿಲ್ಲ.

ನಂಬರನ್ನು ಮಾತ್ರ ಬಿಡಬೇಡಿ

‘ಪೋರ್ಟ್ ಯಾಕೆ, ಹೊಸ ನಂಬರೇ ತಗೊಳ್ಳಿ, ಆಫರ್ ಇದೆ’ ಎಂದು ಹೇಳುವವರಿದ್ದಾರೆ. ಕೇಳಬೇಡಿ. ಇಂದು ನಿಮ್ಮ ಹತ್ತು ಅಂಕಿಯ ನಂಬರು ಪಹಣಿಯಷ್ಟೇ ಬೆಲೆಯುಳ್ಳದ್ದು. ಆಧಾರ್, ಬ್ಯಾಂಕ್ ಖಾತೆ, ಫ್ರೂಟ್ಸ್ ನೋಂದಣಿ, ಪಿಎಂ ಕಿಸಾನ್, ಬೆಳೆ ವಿಮೆ, ಗ್ಯಾಸ್ ಸಂಪರ್ಕ, ಎಲ್ಲದಕ್ಕೂ ಅದೇ ನಂಬರು ಜೋಡಿಸಿರುತ್ತದೆ. ಒಟಿಪಿ ಬರುವುದು ಅದಕ್ಕೇ. ಅದನ್ನು ಬಿಟ್ಟರೆ ಒಂದೊಂದು ಕಚೇರಿಗೂ ಅಲೆದು ಬದಲಾಯಿಸಬೇಕು.

ಅಷ್ಟೇ ಅಲ್ಲ, ನೀವು ಕೈಬಿಟ್ಟ ನಂಬರನ್ನು ಕಂಪನಿ ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತದೆ. ಆಗ ನಿಮ್ಮ ಬ್ಯಾಂಕಿನ ಸಂದೇಶ ಯಾರದೋ ಜೇಬಿಗೆ ಹೋಗುತ್ತದೆ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಆ ಹಕ್ಕನ್ನು ಬಳಸಿಕೊಳ್ಳಿ.

ಬದಲಿಸುವ ಕ್ರಮ

ಪರೀಕ್ಷೆಯ ಹಾಳೆ ನೋಡಿ ಬದಲಿಸುವುದೇ ಸರಿ ಎಂದು ತೀರ್ಮಾನವಾದರೆ, ಕೆಲಸ ಕಷ್ಟದ್ದಲ್ಲ. ಪೋರ್ಟ್ ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರು ಬರೆದು, ಅದೇ ನಂಬರಿನಿಂದ 1900ಕ್ಕೆ ಎಸ್‌ಎಂಎಸ್ ಕಳುಹಿಸಿ. ನೀವು ಅರ್ಹರಾಗಿದ್ದರೆ ಎಂಟು ಅಕ್ಷರ–ಅಂಕಿಗಳ ಒಂದು ಸಂಕೇತ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು 4 ದಿನ ಮಾತ್ರ ಊರ್ಜಿತ. ಅಷ್ಟರೊಳಗೆ ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ರಾಜ್ಯದೊಳಗಿನ ಬದಲಾವಣೆ ಸಾಮಾನ್ಯವಾಗಿ 3 ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ಹಳೆಯ ಸಿಮ್ ನಡೆಯುತ್ತದೆ. ಅದು ಸತ್ತ ಕೂಡಲೇ ಹೊಸದನ್ನು ಹಾಕಬೇಕು. ನಡುವೆ ಕೆಲವು ಗಂಟೆ ಎರಡೂ ಇಲ್ಲದಿರಬಹುದು.

ಕೆಲವು ಕಟ್ಟುಪಾಡುಗಳಿವೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ತಿಂಗಳ ಬಿಲ್ಲಿನ ಸಂಪರ್ಕವಾಗಿದ್ದರೆ ಬಾಕಿ ಇರಕೂಡದು. ಕಳೆದುಹೋದ ಸಿಮ್ಮಿಗೆ ಬದಲಿ ಪಡೆದಿದ್ದರೆ ಅಲ್ಲಿಂದ 7 ದಿನ ಸಂಕೇತ ಸಿಗುವುದಿಲ್ಲ. ಮೋಸ ತಡೆಯಲು 2024ರ ಜುಲೈ 1ರಿಂದ ಈ ನಿಯಮ ಬಂದಿದೆ. ಹಳೆಯ ಸಿಮ್ಮಿನಲ್ಲಿ ಉಳಿದ ಹಣವಾಗಲಿ ದಿನಗಳಾಗಲಿ ಹೊಸದಕ್ಕೆ ಬರುವುದಿಲ್ಲ. ಆದ್ದರಿಂದ ವರ್ಷದ ಪ್ಯಾಕು ಹಾಕಿಸಿ ಎರಡೇ ತಿಂಗಳಾಗಿದ್ದರೆ ಅದು ಮುಗಿಯುವವರೆಗೆ ಕಾಯುವುದು ಮೇಲು.

ಸಂಕೇತವನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ಹೇಳಬೇಡಿ. ಫೋನ್ ಮಾಡಿ ‘ನಾವೇ ಪೋರ್ಟ್ ಮಾಡಿಕೊಡುತ್ತೇವೆ, ಬಂದ ಸಂಕೇತ ಹೇಳಿ’ ಎನ್ನುವವರು ಕಳ್ಳರು. ನಿಮ್ಮ ನಂಬರು ಅವರ ಕೈಗೆ ಹೋದರೆ ಬ್ಯಾಂಕಿನ ಬಾಗಿಲು ತೆರೆದುಕೊಟ್ಟಂತೆ.

ಯಾವ ಕಾಲ ಒಳ್ಳೆಯದು?

ಒಮ್ಮೆ ಬದಲಿಸಿದರೆ ಮತ್ತೆ 90 ದಿನ ಅಲ್ಲೇ ಇರಬೇಕು. ಅಂದರೆ ಒಂದು ಉದ್ದಿನ ಬೆಳೆ ಬಿತ್ತಿ ಕೊಯ್ಯುವಷ್ಟು ಕಾಲ. ತಪ್ಪಾಯಿತೆಂದು ಮರುದಿನವೇ ಹಿಂದಿರುಗಲು ಬರುವುದಿಲ್ಲ. ಆ ಅಡಿಕೆ ಬೆಳೆಗಾರರು ಜೂನಿನಲ್ಲಿ ಬದಲಿಸಿ ಇಡೀ ಮಳೆಗಾಲ ಸಿಕ್ಕಿಹಾಕಿಕೊಂಡದ್ದು ಹೀಗೆ. ಆದ್ದರಿಂದ ಕೆಲಸ ಬಿಡುವಾಗಿರುವ, ಹವೆ ಸಮಾಧಾನವಾಗಿರುವ ಕಾಲ ಆರಿಸಿ.

ಬೆಂಬಲ ಬೆಲೆಯ ನೋಂದಣಿ ನಡೆಯುತ್ತಿರುವಾಗ, ಪಿಎಂ ಕಿಸಾನ್ ಇ-ಕೆವೈಸಿ ಬಾಕಿ ಇರುವಾಗ, ಬೆಳೆ ಸಾಲದ ಕಾಗದ ನಡೆಯುತ್ತಿರುವಾಗ ಬದಲಿಸಬೇಡಿ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತ, ನೆರೆಯಂಥ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಅದೇ ಮೂರು ದಿನ ನಿಮ್ಮ ಫೋನ್ ಹಳೆಯದಕ್ಕೂ ಹೊಸದಕ್ಕೂ ನಡುವೆ ತೂಗುತ್ತಿದ್ದರೆ ನಷ್ಟ ಯಾರಿಗೆ? ಮನೆಯಲ್ಲಿ ಗರ್ಭಿಣಿಯರಿದ್ದರೆ, ಕಾಯಿಲೆಯವರಿದ್ದರೆ, ಹಸು ಕರು ಹಾಕುವ ದಿನ ಹತ್ತಿರವಿದ್ದರೆ ಹದಿನೈದು ದಿನ ತಡೆಯಿರಿ.

ಒಂದೇ ಮನೆಯ ನಾಲ್ಕು ಸಿಮ್ಮನ್ನೂ ಒಟ್ಟಿಗೆ ಒಂದೇ ಕಂಪನಿಗೆ ಬದಲಿಸುವುದೂ ಜಾಣತನವಲ್ಲ. ಒಬ್ಬರದು ಒಂದು ಕಂಪನಿ, ಇನ್ನೊಬ್ಬರದು ಇನ್ನೊಂದು ಇದ್ದರೆ ಒಂದು ಟವರ್ ಮಲಗಿದಾಗ ಇನ್ನೊಂದಾದರೂ ಎಚ್ಚರವಿರುತ್ತದೆ. ಒಂದೇ ಬೆಳೆ ನಂಬಿ ಕೆಟ್ಟವರನ್ನು ನಾವೆಲ್ಲ ನೋಡಿದ್ದೇವೆ.

ಕೊನೆಗೆ ಒಂದು ಮಾತು

ಆ ಬೆಳೆಗಾರರು ಅಂದು ತಿಳಿಯದಿದ್ದ ಒಂದು ಸಂಗತಿಯನ್ನು ನೀವು ತಿಳಿದಿರಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಬೇರೆ ಕಂಪನಿಯ ಟವರ್ ಸಿಗುತ್ತಿದ್ದರೆ, ಫೋನಿನ ಪರದೆಯ ಮೇಲೆ ತುರ್ತು ಕರೆ ಮಾತ್ರ ಎಂದು ಬರುತ್ತದೆ. ಆಗ 112ಕ್ಕೆ ಕರೆ ಮಾಡಿದರೆ ಸಾಮಾನ್ಯವಾಗಿ ಆ ಬೇರೆ ಟವರಿನ ಮೂಲಕವೇ ಹೋಗುತ್ತದೆ. ಧರೆ ಹತ್ತಿ ಓಡುವ ಮೊದಲು ಅಲ್ಲೇ ನಿಂತು 112 ಒತ್ತಿ ನೋಡಬಹುದಾಗಿತ್ತು. ಮನೆಯವರಿಗೂ ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಕೊಡಿ.

ಅವರು ಮಳೆಗಾಲ ಕಳೆದ ಮೇಲೆ ತೋಟ ಸುತ್ತಿ ಪರೀಕ್ಷೆ ಮಾಡಿದರು. ತೋಟದ ತಗ್ಗಿನಲ್ಲಿ ಹಳೆಯ ಕಂಪನಿ, ಮನೆಯ ಒಳಗೆ ಹೊಸದು ಸಿಗುತ್ತದೆಂದು ತಿಳಿಯಿತು. 90 ದಿನ ತುಂಬಿದ್ದರಿಂದ ತಮ್ಮ ನಂಬರನ್ನು ಹಳೆಯ ಕಂಪನಿಗೇ ಮರಳಿಸಿ, ಹೊಸ ಕಂಪನಿಯ ಇನ್ನೊಂದು ಸಿಮ್ಮನ್ನು ಮನೆಯಲ್ಲಿರುವ ಫೋನಿಗೆ ಹಾಕಿದರು. ವರ್ಷಕ್ಕೆ ಉಳಿಯುತ್ತದೆಂದುಕೊಂಡ 650 ರೂಪಾಯಿ ಉಳಿಯಲಿಲ್ಲ. ಕೊನೆಗೌಡನ ಕಾಲು ಕೂಡಿಕೊಂಡಿದೆ. ಆದರೆ ಆತ ಮರ ಹತ್ತುವುದನ್ನು ಬಿಟ್ಟಿದ್ದಾನೆ.

ಕರೆನ್ಸಿಯ ಬೆಲೆಯನ್ನು ಅಂಗಡಿಯವನು ಹೇಳಬಲ್ಲ. ನಿಮ್ಮ ತೋಟದ ತಗ್ಗಿನಲ್ಲಿ ಫೋನ್ ರಿಂಗಾಗುತ್ತದೆಯೇ ಎಂಬುದನ್ನು ನೀವೇ ಅಲ್ಲಿಗೆ ಹೋಗಿ ನೋಡಬೇಕು. ಮುಂದಿನ ಸಲ ಕರೆನ್ಸಿ ಮುಗಿಯುವುದಕ್ಕೆ ಹದಿನೈದು ದಿನ ಮೊದಲೇ ಆ ಕೆಲಸಕ್ಕೆ ತೊಡಗಿ.